ಐದು ಒಂಟೆಗಳ ಬೆಲೆಯ ಹಲ್ಲು: ಹುಳುಕು, ಚಿಕಿತ್ಸೆ ಮತ್ತು ನಮ್ಮ ಪರಂಪರೆ

ಮದ್ರಸಾದಲ್ಲಿ ತಜ್ವೀದ್ ಪಾಠವನ್ನು ಆರಂಭಿಸುವಾಗ ನಾವು ಮಕ್ಕಳಿಗೆ ಮೊದಲು ಹಲ್ಲುಗಳ ಹೆಸರುಗಳನ್ನು ಹೇಳಿಕೊಡುತ್ತೇವೆ. ಮೇಲೆ ಎರಡು, ಕೆಳಗೆ ಎರಡು, ನಡುವಿನ ಮುಂಹಲ್ಲುಗಳು ಸನಾಯಾ. ಅವುಗಳ ಪಕ್ಕದ ನಾಲ್ಕು ರುಬಾಇಯಾತ್. ಕೋರೆಹಲ್ಲುಗಳು ನಾಲ್ಕು, ಅವು ಅನ್ಯಾಬ್. ಉಳಿದ ಇಪ್ಪತ್ತು ದವಡೆಹಲ್ಲುಗಳು ಅಝ್ರಾಸ್. ಒಟ್ಟು 32. ನಾಲಿಗೆಯ ತುದಿ ಮೇಲಿನ ಮುಂಹಲ್ಲುಗಳ ಅಂಚನ್ನು ಮುಟ್ಟಿದಾಗ ‘ಝಾಲ್’ ಅಕ್ಷರ ಹುಟ್ಟುತ್ತದೆ. ಆ ಹಲ್ಲುಗಳು ಕೆಳತುಟಿಯ ಒಳಬದಿಗೆ ತಾಗಿದಾಗ ‘ಫಾ’. ನಾಲಿಗೆಯ ಬದಿ ಮೇಲ್ದವಡೆಯ ಹಲ್ಲುಗಳಿಗೆ ಒತ್ತಿದಾಗ ‘ಝಾದ್’. ಎಂಟನೆಯ ಶತಮಾನದ ಮಹಾ ವೈಯಾಕರಣ ಸೀಬವೈಹ್ ಅಕ್ಷರಗಳ ಉಚ್ಚಾರಣಾ ಸ್ಥಾನಗಳನ್ನು ವಿವರಿಸುವಾಗ ಹಲ್ಲುಗಳನ್ನೂ ಆಧಾರವಾಗಿ ಹಿಡಿದಿದ್ದರು. ಹೀಗಾಗಿ ಕುರ್‌ಆನ್ ಕಲಿಸುವವನಿಗೆ ಮಗುವಿನ ಬಾಯಿಯೊಳಗೆ ನೋಡುವುದು ವೃತ್ತಿಯ ಒಂದು ಭಾಗವೇ ಆಗಿದೆ.

ಕಳೆದ ವರ್ಷ ಹೀಗೆ ನೋಡುವಾಗ ಹತ್ತು ವರ್ಷದ ಒಬ್ಬ ಹುಡುಗನ ಕೆಳದವಡೆಯಲ್ಲಿ ಕಪ್ಪನೆಯ ಕುಳಿಯೊಂದು ಕಂಡಿತು. ಅವನು ಒಂದೇ ಬದಿಯಲ್ಲಿ ಅಗಿಯುತ್ತಿದ್ದನು. ರಾತ್ರಿ ನೋವಿನಿಂದ ಏಳುತ್ತಿದ್ದನು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆಯ ಕೆಲಸ ಮಾಡುವ ಅವನ ತಂದೆಯನ್ನು ಕರೆಸಿ ಹೇಳಿದಾಗ, “ಕೀಳಿಸಿಬಿಡ್ತೀನಿ ಹಜ್ರತ್, ಹಾಲುಹಲ್ಲು ತಾನೆ, ಮತ್ತೆ ಬರುತ್ತೆ” ಎಂದರು. ತುಂಬಿಸಿದರೆ ಹಲ್ಲು ಉಳಿಯುತ್ತದಲ್ಲ ಎಂದೆವು. ಅವರು ತುಸು ಸಂಕೋಚದಿಂದ, “ಅಮ್ಮಿ ಬೇಡ ಅಂತಾರೆ. ಹಲ್ಲಿಗೆ ಸಿಮೆಂಟ್ ತುಂಬಿಸಿದರೆ ಒಳಗೆ ನೀರು ಹೋಗಲ್ಲ, ಮುಂದೆ ಗುಸ್ಲ್ ಆಗಲ್ಲ ಅಂತಾರೆ” ಎಂದರು.

ಈ ಎರಡು ಮಾತುಗಳೂ ನಮ್ಮ ಮನೆಗಳಲ್ಲಿ ಹೊಸವಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂಬ ಈ ನಾಲ್ಕು ಊರುಗಳ ನಡುವೆ ಓಡಾಡುವ ನಾವು ಇವುಗಳನ್ನು ಅನೇಕ ಬಾರಿ ಕೇಳಿದ್ದೇವೆ. ಮೊದಲನೆಯದು ಹಲ್ಲಿನ ಬೆಲೆಯನ್ನು ಕುರಿತದ್ದು. ಎರಡನೆಯದು ಧರ್ಮವನ್ನು ಕುರಿತದ್ದು. ಇವೆರಡಕ್ಕೂ ನಮ್ಮ ಇತಿಹಾಸದಲ್ಲಿಯೇ ಉತ್ತರವಿದೆ. ಆ ಉತ್ತರವನ್ನು ಕ್ರಮವಾಗಿ ನೋಡೋಣ.

ಒಂದು ಹಲ್ಲಿನ ಬೆಲೆ

ಹಿಜರಿ ಮೂರನೆಯ ವರ್ಷ, ಅಂದರೆ ಕ್ರಿ.ಶ. 625ರಲ್ಲಿ ನಡೆದ ಉಹುದ್ ಯುದ್ಧದಲ್ಲಿ ಪ್ರವಾದಿ ಮುಹಮ್ಮದ್(ಸ)ರ ಹಲ್ಲಿಗೆ ಪೆಟ್ಟಾಯಿತೆಂಬುದು ಮದ್ರಸಾದ ಪ್ರತಿ ಮಗುವಿಗೂ ಗೊತ್ತಿರುವ ಸಂಗತಿ. ಆದರೆ ಇಸ್ಲಾಮಿನ ದಂಡಸಂಹಿತೆಯು ಹಲ್ಲಿಗೆ ಇಟ್ಟ ಬೆಲೆ ಎಷ್ಟೆಂಬುದು ದೊಡ್ಡವರಲ್ಲಿಯೂ ಅನೇಕರಿಗೆ ತಿಳಿಯದು. ಒಬ್ಬನು ಇನ್ನೊಬ್ಬನ ಹಲ್ಲನ್ನು ಕೆಡಿಸಿದರೆ ಪರಿಹಾರವಾಗಿ ಐದು ಒಂಟೆಗಳನ್ನು ಕೊಡಬೇಕೆಂದು ಹದೀಸ್ ಸಂಗ್ರಹಗಳಲ್ಲಿ ಬಂದಿದೆ. ಒಂದು ಪ್ರಾಣದ ಪರಿಹಾರವೇ ನೂರು ಒಂಟೆಗಳಾಗಿದ್ದ ಕಾಲದಲ್ಲಿ ಒಂದು ಹಲ್ಲಿಗೆ ಐದು. ಮುಂಹಲ್ಲು ಅಂದಕ್ಕೆ, ದವಡೆಹಲ್ಲು ಅಗಿಯುವುದಕ್ಕೆ ಎಂಬ ಭೇದವನ್ನೂ ಮಾಡಲಿಲ್ಲ. ಎಲ್ಲ ಹಲ್ಲುಗಳೂ ಸಮಾನವೆಂದು ಹೇಳಲಾಯಿತು. ಇನ್ನೊಬ್ಬನ ಹಲ್ಲನ್ನು ಹಾಳುಮಾಡಿದರೆ ಇಷ್ಟು ತೆರಬೇಕಾಗಿದ್ದರೆ, ನಮ್ಮದೇ ಮಗುವಿನ ಹಲ್ಲನ್ನು ಅಲಕ್ಷ್ಯದಿಂದ ಕಳೆಯುವುದಕ್ಕೆ ಏನನ್ನಬೇಕು?

ಮಿಸ್ವಾಕಿನ ವಿಷಯವನ್ನು ಓದುಗರಿಗೆ ನೆನಪಿಸಬೇಕಾಗಿಲ್ಲ. ಉಮ್ಮತ್‌ಗೆ ಕಷ್ಟವಾದೀತೆಂಬ ಚಿಂತೆ ಇಲ್ಲದಿದ್ದರೆ ಪ್ರತಿ ನಮಾಝ್‌ಗೂ ಅದನ್ನು ಕಡ್ಡಾಯಗೊಳಿಸುತ್ತಿದ್ದೆನೆಂಬ ಆಶಯವನ್ನು ಪ್ರವಾದಿವರ್ಯರು(ಸ) ವ್ಯಕ್ತಪಡಿಸಿದ್ದರು. ಅವರ ಕೊನೆಯ ಗಳಿಗೆಯಲ್ಲಿ ಹಝ್ರತ್ ಆಯಿಶಾ(ರ)ರು ಮಿಸ್ವಾಕನ್ನು ತಮ್ಮ ಹಲ್ಲಿನಿಂದ ಮೆದುಗೊಳಿಸಿ ಕೊಟ್ಟದ್ದೂ ಪ್ರಸಿದ್ಧವಾಗಿದೆ. ಅರಬ್ ನಾಡಿನ ಆ ಕಡ್ಡಿ ಪೀಲು ಮರದ್ದು. ನಮ್ಮ ಬಯಲುಸೀಮೆಯ ಹಿರಿಯರು ಬೇವಿನ ಕಡ್ಡಿ, ಹೊಂಗೆಯ ಕಡ್ಡಿಗಳಿಂದ ಅದೇ ಸುನ್ನತ್ತನ್ನು ನಡೆಸಿಕೊಂಡು ಬಂದರು.

ಆದರೆ ಕುಳಿ ಬಿದ್ದ ಹಲ್ಲನ್ನು ಮಿಸ್ವಾಕ್ ತುಂಬಲಾರದು. ಮುರಿದದ್ದನ್ನು, ಅಲುಗಾಡುವುದನ್ನು ರಿಪೇರಿ ಮಾಡುವ ಪ್ರಶ್ನೆ ಆ ಕಾಲದಲ್ಲಿಯೂ ಬಂದಿತ್ತು. ಅರ್ಫಜಾ ಇಬ್ನು ಅಸ್ಅದ್(ರ) ಎಂಬ ಸಹಾಬಿಯ ಮೂಗು ಇಸ್ಲಾಮಿಗೆ ಮೊದಲಿನ ಕುಲಾಬ್ ಎಂಬ ಕಾಳಗದಲ್ಲಿ ಕತ್ತರಿಸಿಹೋಗಿತ್ತು. ಅವರು ಬೆಳ್ಳಿಯ ಮೂಗನ್ನು ಕಟ್ಟಿಸಿಕೊಂಡರು. ಅದು ದುರ್ವಾಸನೆ ಬರತೊಡಗಿತು. ಆಗ ಚಿನ್ನದ ಮೂಗನ್ನು ಮಾಡಿಸಿಕೊಳ್ಳುವಂತೆ ಪ್ರವಾದಿವರ್ಯರು(ಸ) ಸೂಚಿಸಿದರೆಂದು ಅಬೂ ದಾವೂದ್ ಮತ್ತು ತಿರ್ಮಿಝಿ ಸಂಗ್ರಹಗಳಲ್ಲಿದೆ. ಚಿನ್ನವು ಪುರುಷರಿಗೆ ನಿಷಿದ್ಧವಾಗಿದ್ದರೂ ಅಗತ್ಯವು ಮುಂದೆ ಬಂದಾಗ ದಾರಿ ತೆರೆಯಿತು. ಮೂರನೆಯ ಖಲೀಫಾ ಹಝ್ರತ್ ಉಸ್ಮಾನ್(ರ)ರು ತಮ್ಮ ಹಲ್ಲುಗಳನ್ನು ಚಿನ್ನದಿಂದ ಕಟ್ಟಿಸಿಕೊಂಡಿದ್ದರೆಂಬ ವರದಿಗಳೂ ಇವೆ.

ಮುಂದೆ ಫಿಕ್ಹ್ ವಿದ್ವಾಂಸರು ಇದರ ಮೇಲೆ ಚರ್ಚಿಸಿದರು. ಅಲುಗಾಡುವ ಹಲ್ಲನ್ನು ಬೆಳ್ಳಿಯ ತಂತಿಯಿಂದ ಕಟ್ಟಬಹುದೆಂದು ಇಮಾಮ್ ಅಬೂ ಹನೀಫಾ(ರ)ರು ಹೇಳಿದರೆ, ಚಿನ್ನದ ತಂತಿಗೂ ಅಡ್ಡಿಯಿಲ್ಲವೆಂದು ಅವರ ಶಿಷ್ಯರಾದ ಇಮಾಮ್ ಮುಹಮ್ಮದ್(ರ)ರು ಹೇಳಿದರು. ಗಮನಿಸಬೇಕಾದ ಸಂಗತಿ ಇದು: ಅವರ ನಡುವಿನ ಭಿನ್ನಾಭಿಪ್ರಾಯ ಯಾವ ಲೋಹ ಎಂಬುದರ ಕುರಿತಾಗಿತ್ತು. ಹಲ್ಲನ್ನು ರಿಪೇರಿ ಮಾಡಿ ಉಳಿಸಿಕೊಳ್ಳಬಹುದೇ ಎಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ. ಇದು ಕ್ರಿ.ಶ. ಎಂಟನೆಯ ಶತಮಾನದ ಮಾತು.

ಕೀಳುವ ಮುನ್ನ ನೂರು ಬಾರಿ ಯೋಚಿಸಿದ ವೈದ್ಯರು

ವಿದ್ವಾಂಸರು ಅನುಮತಿಯ ಬಾಗಿಲನ್ನು ತೆರೆದಿಟ್ಟರು. ವೈದ್ಯರು ಆ ದಾರಿಯಲ್ಲಿ ಮುಂದೆ ನಡೆದರು. ರೈ ನಗರದಲ್ಲಿ ಹುಟ್ಟಿ ಬಗ್ದಾದಿನ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸಿದ ಅಬೂ ಬಕ್ರ್ ಅರ್ರಾಝಿಯವರು ಹುಳುಕು ಹಲ್ಲಿನ ಕುಳಿಗೆ ಮಸ್ತಗಿ ಎಂಬ ಮರದ ಅಂಟನ್ನೂ ಪಟಿಕವನ್ನೂ ಸೇರಿಸಿ ತುಂಬುವ ಕ್ರಮವನ್ನು ಬರೆದಿಟ್ಟರು. ಯುನಾನಿ ಔಷಧಿ ಅಂಗಡಿಗಳಲ್ಲಿ ಇಂದಿಗೂ ‘ರೂಮಿ ಮಸ್ತಗಿ’ ಎಂದು ಸಿಗುವುದು ಅದೇ ಅಂಟು. ಆ ತುಂಬುವಿಕೆ ಇಂದಿನದರಷ್ಟು ಬಾಳುತ್ತಿರಲಿಲ್ಲ. ಆದರೆ ಕುಳಿಯನ್ನು ಮುಚ್ಚಿ ಹಲ್ಲನ್ನು ಉಳಿಸಬೇಕೆಂಬ ಆಲೋಚನೆ ಸಾವಿರ ವರ್ಷಗಳ ಹಿಂದೆಯೇ ಇತ್ತು.

ಇದಕ್ಕಿಂತ ದೊಡ್ಡ ಹೆಜ್ಜೆಯನ್ನು ಇಟ್ಟವರು ಸ್ಪೇನಿನ ಕುರ್ತುಬಾ ನಗರದ ಬಳಿ ಕ್ರಿ.ಶ. 936ರ ಸುಮಾರಿಗೆ ಹುಟ್ಟಿದ ಅಬುಲ್ ಕಾಸಿಮ್ ಅಝ್ಝಹ್ರಾವಿ. ‘ಅತ್ತಸ್ರೀಫ್’ ಎಂಬ ಅವರ ಗ್ರಂಥದಲ್ಲಿ ಮೂವತ್ತು ಭಾಗಗಳಿವೆ. ಕೊನೆಯ ಭಾಗ ಶಸ್ತ್ರಚಿಕಿತ್ಸೆಯದು; ಅದರಲ್ಲಿ ಸುಮಾರು ಇನ್ನೂರು ಉಪಕರಣಗಳ ಚಿತ್ರಗಳಿವೆ. ಹಲ್ಲಿನ ಮೇಲೆ ಕಟ್ಟುವ ಗಟ್ಟಿ ಕಿಟ್ಟವನ್ನು ಕೆರೆದು ತೆಗೆಯಲಿಕ್ಕಾಗಿಯೇ ಅವರು ಹದಿನಾಲ್ಕು ಬಗೆಯ ಕೆರೆಯುವ ಸಾಧನಗಳನ್ನು ಚಿತ್ರಿಸಿದ್ದಾರೆ. ಅಲುಗಾಡುವ ಹಲ್ಲನ್ನು ಚಿನ್ನದ ತಂತಿಯಿಂದ ಪಕ್ಕದ ಹಲ್ಲುಗಳಿಗೆ ಹೆಣೆಯುವ ವಿಧಾನವನ್ನೂ, ಬಿದ್ದುಹೋದ ಹಲ್ಲಿನ ಜಾಗಕ್ಕೆ ದನದ ಎಲುಬಿನಿಂದ ಕೆತ್ತಿದ ಹಲ್ಲನ್ನು ಕೂರಿಸುವ ವಿಧಾನವನ್ನೂ ವಿವರಿಸಿದ್ದಾರೆ.

ಝಹ್ರಾವಿಯವರ ಇನ್ನೊಂದು ಎಚ್ಚರಿಕೆ ನಮ್ಮ ಊರುಗಳಿಗೆ ಹೇಳಿದಂತಿದೆ. ನೋವು ಬಂತೆಂದು ಹಲ್ಲನ್ನು ಕೀಳಲು ಅವಸರಪಡಬಾರದು, ಮೊದಲು ಎಲ್ಲ ಚಿಕಿತ್ಸೆಗಳನ್ನೂ ಮಾಡಿ ನೋಡಬೇಕು, ಏಕೆಂದರೆ ಕಿತ್ತುಹೋದ ಹಲ್ಲಿನ ಸ್ಥಾನವನ್ನು ಬೇರೊಂದು ತುಂಬಲಾರದು ಎಂದು ಅವರು ಹೇಳುತ್ತಾರೆ. ನೋವು ರೋಗಿಯನ್ನು ವಂಚಿಸುತ್ತದೆ, ಅವನು ಚೆನ್ನಾಗಿರುವ ಹಲ್ಲನ್ನೇ ತೋರಿಸುತ್ತಾನೆ, ಅರೆತಿಳಿವಳಿಕೆಯ ಕ್ಷೌರಿಕರು ಅದನ್ನೇ ಕಿತ್ತುಬಿಡುತ್ತಾರೆ, ರೋಗದ ಹಲ್ಲು ಉಳಿದೇ ಇರುತ್ತದೆ ಎಂದೂ ಎಚ್ಚರಿಸುತ್ತಾರೆ. ಅವರ ಶಸ್ತ್ರಚಿಕಿತ್ಸಾ ಭಾಗವು ಹನ್ನೆರಡನೆಯ ಶತಮಾನದಲ್ಲಿ ಲ್ಯಾಟಿನ್ ಭಾಷೆಗೆ ಅನುವಾದಗೊಂಡು ಯುರೋಪಿನ ವೈದ್ಯರಿಗೆ ಶತಮಾನಗಳ ಕಾಲ ಪಠ್ಯವಾಯಿತು.

‘ಹುಳುಕು’ ಎಂಬ ಪದದೊಳಗಿನ ಹುಳು

ನಮ್ಮ ಪರಂಪರೆಯ ಹೆಮ್ಮೆಯನ್ನು ಹೇಳುವಾಗ ಅದರ ತಪ್ಪನ್ನೂ ಹೇಳುವುದು ನ್ಯಾಯ. ಕನ್ನಡದಲ್ಲಿ ಕೆಟ್ಟ ಹಲ್ಲನ್ನು ‘ಹುಳುಕು ಹಲ್ಲು’ ಎನ್ನುತ್ತೇವೆ. ಮನೆಯ ದಖ್ಖನಿಯಲ್ಲಿ ‘ದಾಂತ್ ಕೂ ಕೀಡಾ ಲಗ್ಯಾ’ ಎನ್ನುತ್ತೇವೆ. ಎರಡರಲ್ಲಿಯೂ ಹುಳುವೇ ಇದೆ. ಬಾಬಿಲೋನಿನ ಕಾಲದಿಂದಲೂ ಹಲ್ಲನ್ನು ಹುಳು ಕೊರೆಯುತ್ತದೆ ಎಂದು ಜನರು ನಂಬಿದ್ದರು. ಮಹಾವೈದ್ಯ ಇಬ್ನು ಸೀನಾ ಅವರೂ ತಮ್ಮ ‘ಅಲ್ ಕಾನೂನ್’ ಗ್ರಂಥದಲ್ಲಿ ಖುರಾಸಾನಿ ಅಜವಾನದ ಬೀಜ ಮೊದಲಾದವುಗಳ ಹೊಗೆಯಿಂದ ಹಲ್ಲಿನ ಹುಳುವನ್ನು ಓಡಿಸುವ ಉಪಾಯವನ್ನು ಸೇರಿಸಿದ್ದಾರೆ. ನಮ್ಮ ಹಳ್ಳಿಗಳಲ್ಲಿ ನೆಲಗುಳ್ಳದ ಬೀಜದ ಹೊಗೆ ಹಾಕುವುದು ಇದೇ ಬಗೆಯ ನಂಬಿಕೆಯಿಂದ ಬಂದದ್ದು.

ಈ ನಂಬಿಕೆಯನ್ನು ಬಳಸಿಕೊಂಡ ವಂಚಕರೂ ಇದ್ದರು. ಅವರನ್ನು ಬಯಲಿಗೆಳೆದವರಲ್ಲಿ ಒಬ್ಬರು ಹದಿಮೂರನೆಯ ಶತಮಾನದ ದಮಾಸ್ಕಸ್ಸಿನ ಅಲ್ ಜೌಬರಿ. ಬೀದಿಗಳಲ್ಲಿ ನಡೆಯುವ ಮೋಸಗಳ ಗುಟ್ಟುಗಳನ್ನು ಹೊರಗೆಡಹಲೆಂದೇ ಬರೆದ ಗ್ರಂಥದಲ್ಲಿ ಅವರು ಹಲ್ಲಿನಿಂದ ಹುಳು ತೆಗೆದು ತೋರಿಸುವವರ ಕೈಚಳಕವನ್ನೂ ಸೇರಿಸಿದರು. ಖುರಾಸಾನಿ ಅಜವಾನದ ಬೀಜವನ್ನು ಕೆಂಡದ ಮೇಲೆ ಹಾಕಿದಾಗ ಅದರೊಳಗಿನ ಎಳೆಯ ಮೊಳಕೆ ಬಿಸಿಗೆ ಹೊರಬೀಳುತ್ತದೆ. ಬೆಳ್ಳಗೆ ಸುರುಳಿ ಸುತ್ತಿದ ಅದು ನೋಡುವವರಿಗೆ ಹುಳುವಿನಂತೆಯೇ ಕಾಣುತ್ತದೆ. ಸಂತೆಯಲ್ಲಿ, ಜಾತ್ರೆಯಲ್ಲಿ ಹತ್ತಿಯ ಮೇಲೆ ಹುಳು ತೋರಿಸುವವರನ್ನು ಕಂಡಾಗ ನಾವು ಈ ಏಳು ನೂರು ವರ್ಷಗಳ ಹಿಂದಿನ ಎಚ್ಚರಿಕೆಯನ್ನು ನೆನೆಯಬೇಕು.

ಮುಂದೆ 1728ರಲ್ಲಿ ಫ್ರಾನ್ಸಿನ ಪಿಯೆರ್ ಫೋಶಾರ್ ಎಂಬ ದಂತವೈದ್ಯರು ತಮ್ಮ ದೊಡ್ಡ ಗ್ರಂಥದಲ್ಲಿ ಹುಳುವಿನ ವಾದವನ್ನು ಒಪ್ಪಲಿಲ್ಲ. ನಿಜವಾದ ಕಾರಣವನ್ನು ಪ್ರಯೋಗಗಳಿಂದ ತೋರಿಸಿದವರು ಬರ್ಲಿನ್ನಿನಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ಡಬ್ಲ್ಯು. ಡಿ. ಮಿಲ್ಲರ್, ಅವರ ಗ್ರಂಥ ಬಂದದ್ದು 1890ರಲ್ಲಿ. ಬಾಯಲ್ಲಿರುವ ಕಣ್ಣಿಗೆ ಕಾಣದ ಜೀವಾಣುಗಳು ಸಕ್ಕರೆಯನ್ನೂ ಹಿಟ್ಟಿನ ಅಂಶವನ್ನೂ ತಿಂದು ಆಮ್ಲವನ್ನು ಬಿಡುತ್ತವೆ. ಆ ಆಮ್ಲವು ಹಲ್ಲಿನ ಮೇಲ್ಪದರವಾದ ದಂತಕವಚವನ್ನು ಕರಗಿಸುತ್ತದೆ. ಹುಳುಕೆಂದರೆ ಇಷ್ಟೇ. ಸಿಹಿ ತಿಂದ ಪ್ರತಿ ಬಾರಿಯೂ ಈ ಆಮ್ಲದ ದಾಳಿ ನಡೆಯುತ್ತದೆ. ಆದುದರಿಂದ ಎಷ್ಟು ಸಿಹಿ ತಿಂದೆವು ಎನ್ನುವುದಕ್ಕಿಂತ ದಿನಕ್ಕೆ ಎಷ್ಟು ಬಾರಿ ತಿಂದೆವು ಎನ್ನುವುದು ಮುಖ್ಯ. ರೀಲಿಂಗ್ ಘಟಕದ ಕೆಲಸದ ನಡುವೆ ಮೂರು ನಾಲ್ಕು ಬಾರಿ ಸಿಹಿ ಚಹಾ, ಅದರಲ್ಲಿ ಅದ್ದಿದ ಬನ್ನು. ಅಳುವ ಮಗುವಿಗೆ ರಾತ್ರಿಯಿಡೀ ಸಕ್ಕರೆ ಹಾಲಿನ ಬಾಟಲಿ. ಹಲ್ಲಿಗೆ ಚೇತರಿಸಿಕೊಳ್ಳಲು ಬಿಡುವೇ ಸಿಗುವುದಿಲ್ಲ.

ಆರಂಭದಲ್ಲಿ ಬಿಳಿಚಿದ ಮಚ್ಚೆಯಾಗಿರುವಾಗ ಹಲ್ಲು ತಾನೇ ಸುಧಾರಿಸಿಕೊಳ್ಳಬಲ್ಲದು. ಕುಳಿ ಬಿದ್ದ ಮೇಲೆ ಅದು ಮುಚ್ಚಿಕೊಳ್ಳದು. ದಂತಕವಚವು ಚರ್ಮದಂತೆ ಮತ್ತೆ ಬೆಳೆಯುವ ವಸ್ತುವಲ್ಲ. ಆಗ ವೈದ್ಯರು ಕೊಳೆತ ಭಾಗವನ್ನಷ್ಟೇ ತೆಗೆದು, ಕುಳಿಯನ್ನು ಸ್ವಚ್ಛಗೊಳಿಸಿ ತುಂಬುತ್ತಾರೆ. ತಡಮಾಡಿದರೆ ಹುಳುಕು ನರವಿರುವ ತಿರುಳಿಗೆ ಇಳಿಯುತ್ತದೆ. ಆಗ ರೂಟ್ ಕೆನಾಲ್ ಬೇಕಾಗುತ್ತದೆ, ಖರ್ಚೂ ಹೆಚ್ಚುತ್ತದೆ. ತುಂಬುವ ವಸ್ತುಗಳಿಗೂ ಒಂದು ಇತಿಹಾಸವಿದೆ. ಬೆಳ್ಳಿ ಮತ್ತು ಪಾದರಸದ ಮಿಶ್ರಣವನ್ನು ಚೀನಾದ ವೈದ್ಯರು ಏಳನೆಯ ಶತಮಾನದಲ್ಲಿಯೇ ಬಲ್ಲವರಾಗಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಯುರೋಪ್, ಅಮೆರಿಕಗಳಲ್ಲಿ ಹರಡಿತು. 1970ರ ದಶಕದಲ್ಲಿ ಹಲ್ಲಿಗೆ ತಾನೇ ಅಂಟಿಕೊಳ್ಳುವ ಗ್ಲಾಸ್ ಅಯೊನೋಮರ್ ಸಿಮೆಂಟ್ ಬಂದಿತು. 1980ರ ದಶಕದಲ್ಲಿ ಆಫ್ರಿಕಾದ ತಾಂಜಾನಿಯಾದಲ್ಲಿ ವಿದ್ಯುತ್ತೂ ಯಂತ್ರವೂ ಇಲ್ಲದೆ, ಕೈ ಉಪಕರಣಗಳಿಂದಲೇ ಕುಳಿಯನ್ನು ಸ್ವಚ್ಛಗೊಳಿಸಿ ಇಂತಹ ಸಿಮೆಂಟನ್ನು ತುಂಬುವ ಪದ್ಧತಿ ರೂಪುಗೊಂಡಿತು. ಯಂತ್ರದ ಸದ್ದಿಗೆ ಹೆದರುವ ಮಕ್ಕಳಿಗೆ ಇಂದಿಗೂ ಅದು ಉಪಯುಕ್ತವಾಗಿದೆ.

ಶರಬತ್ತಿನ ಅಂಗಡಿಯಿಂದ ನಡೆದ ಕಾಲೇಜು

ಭಾರತದಲ್ಲಿ ಈ ವಿದ್ಯೆಯನ್ನು ಕಾಲೇಜಿನ ಮಟ್ಟಕ್ಕೆ ತಂದವರ ಹೆಸರು ನಮ್ಮ ಮಕ್ಕಳಿಗೆ ಗೊತ್ತಿಲ್ಲದಿರುವುದು ವಿಷಾದದ ಸಂಗತಿ. ಡಾ. ರಫಿಯುದ್ದೀನ್ ಅಹ್ಮದ್ 1890ರ ಡಿಸೆಂಬರ್ 24ರಂದು ಅಂದಿನ ಬಂಗಾಳದ ಢಾಕಾ ಜಿಲ್ಲೆಯಲ್ಲಿ ಹುಟ್ಟಿದರು. ಅಲಿಗಢದಲ್ಲಿ ಓದಿ, ಅಮೆರಿಕಕ್ಕೆ ಹೋಗಿ, 1915ರಲ್ಲಿ ಅಯೋವಾ ವಿಶ್ವವಿದ್ಯಾಲಯದಿಂದ ದಂತವೈದ್ಯಕೀಯ ಪದವಿ ಪಡೆದರು. ಬಾಸ್ಟನ್ ನಗರದಲ್ಲಿ ಮಕ್ಕಳ ದಂತ ಚಿಕಿತ್ಸಾಲಯವೊಂದರಲ್ಲಿ ಕೆಲಸ ಮಾಡಿ ಸ್ವದೇಶಕ್ಕೆ ಮರಳಿದರು. ಆಗ ಭಾರತದಲ್ಲಿ ದಂತವೈದ್ಯಕೀಯ ಕಾಲೇಜು ಒಂದೂ ಇರಲಿಲ್ಲ. 1920ರಲ್ಲಿ ಕಲ್ಕತ್ತೆಯಲ್ಲಿ ಅವರು ಮೊದಲ ದಂತವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು.

ಅದಕ್ಕೆ ಹಣವನ್ನು ಒದಗಿಸಿಕೊಂಡ ಬಗೆ ಓದುಗರಿಗೆ ನಗು ತರಿಸಬಹುದು. ಅವರು ಕಲ್ಕತ್ತೆಯಲ್ಲಿ ‘ನ್ಯೂಯಾರ್ಕ್ ಸೋಡಾ ಫೌಂಟನ್’ ಎಂಬ ಐಸ್‌ಕ್ರೀಮ್ ಮತ್ತು ತಂಪು ಪಾನೀಯದ ಅಂಗಡಿಯನ್ನು ತೆರೆದು, ಅದರ ಆದಾಯದಿಂದ ಕಾಲೇಜನ್ನು ನಡೆಸಿದರು. ಹಲ್ಲನ್ನು ಕೆಡಿಸುವ ಸಿಹಿಯೇ ಹಲ್ಲನ್ನು ಉಳಿಸುವ ವಿದ್ಯೆಗೆ ಬಂಡವಾಳವಾಯಿತು. 1928ರಲ್ಲಿ ಅವರು ವಿದ್ಯಾರ್ಥಿಗಳಿಗಾಗಿ ಕೈಪಿಡಿಯೊಂದನ್ನು ಬರೆದರು. ಅದರ ವಿಷಯ ಹುಳುಕನ್ನು ತೆಗೆದು ಹಲ್ಲು ತುಂಬುವ ಶಾಸ್ತ್ರವೇ ಆಗಿತ್ತು. ದಂತವೈದ್ಯ ವೃತ್ತಿಗೆ ಕಾನೂನಿನ ಚೌಕಟ್ಟು ಬೇಕೆಂಬ ಅವರ ಪ್ರಯತ್ನದಿಂದ 1939ರಲ್ಲಿ ಬಂಗಾಳದಲ್ಲಿ ಕಾಯಿದೆ ಬಂದಿತು; 1948ರಲ್ಲಿ ಇಡೀ ದೇಶಕ್ಕೆ ದಂತವೈದ್ಯರ ಕಾಯಿದೆ ಬಂದಿತು. 1949ರಲ್ಲಿ ಅವರು ತಮ್ಮ ಕಾಲೇಜನ್ನು ಸರ್ಕಾರಕ್ಕೆ ಒಪ್ಪಿಸಿದರು. 1964ರಲ್ಲಿ ಅವರಿಗೆ ಪದ್ಮಭೂಷಣ ಸಂದಿತು. ಮರುವರ್ಷ ಅವರು ತೀರಿಕೊಂಡರು. ಅವರು ಹುಟ್ಟಿದ ದಿನವನ್ನು ದೇಶವು ರಾಷ್ಟ್ರೀಯ ದಂತವೈದ್ಯರ ದಿನವೆಂದು ಆಚರಿಸುತ್ತದೆ.

ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಸರ್ಕಾರಿ ದಂತವೈದ್ಯಕೀಯ ಕಾಲೇಜು 1958ರಲ್ಲಿ ಆರಂಭವಾಯಿತು. ಇಂದು ನಮ್ಮ ನಾಲ್ಕು ಊರುಗಳಿಂದಲೂ ಬೆಂಗಳೂರು ಒಂದೆರಡು ಗಂಟೆಯ ಬಸ್ ದಾರಿ. ತಾಲ್ಲೂಕು ಆಸ್ಪತ್ರೆಯಲ್ಲಿಯೇ ದಂತವೈದ್ಯರನ್ನು ಕಾಣುವ ಕಾಲ ಬಂದಿದೆ. ಬಡತನದ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡಲು ಸರ್ಕಾರವು 2014ರಲ್ಲಿ ‘ದಂತ ಭಾಗ್ಯ’ ಯೋಜನೆಯನ್ನೇ ತರಬೇಕಾಯಿತು. ಅದು ಒಳ್ಳೆಯ ಯೋಜನೆ. ಆದರೆ ಎಷ್ಟು ಜನರು ಮುಪ್ಪಿಗೆ ಮೊದಲೇ ಬೊಚ್ಚುಬಾಯಿಯವರಾಗುತ್ತಿದ್ದಾರೆ ಎಂಬುದನ್ನೂ ಅದು ನೆನಪಿಸುತ್ತದೆ.

ಕಲೆಯೂ ಹುಳುಕೂ ಒಂದೇ ಅಲ್ಲ

ನಮ್ಮ ಜಿಲ್ಲೆಯಲ್ಲಿ ಹಲ್ಲಿನ ಮಾತು ಹುಳುಕಿನಿಂದಲೇ ಮುಗಿಯುವುದಿಲ್ಲ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಉತ್ತರ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿಗಳು ನಂದಿಯ ಸುತ್ತಲಿನ ಬೆಟ್ಟಗಳಲ್ಲಿ ಹುಟ್ಟಿ ಮಳೆ ಬಂದಾಗ ಮಾತ್ರ ಕಾಣಿಸಿಕೊಳ್ಳುತ್ತವೆ. ಕೆರೆ, ತೆರೆದ ಬಾವಿಗಳು ಬತ್ತಿದ ಮೇಲೆ ಕೊಳವೆಬಾವಿಗಳು ಸಾವಿರ ಅಡಿಗಳನ್ನು ದಾಟಿ ಕೆಳಗಿಳಿದವು. ಆಳದ ಬಂಡೆಗಳ ನಡುವೆ ಬಹುಕಾಲ ನಿಂತ ನೀರಿನಲ್ಲಿ ಫ್ಲೋರೈಡ್ ಕರಗಿರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ಭಾರತದ ಮಾನದಂಡ. ಜಿಲ್ಲೆಯ ಅನೇಕ ಹಳ್ಳಿಗಳ ಕೊಳವೆಬಾವಿಗಳು ಈ ಮಿತಿಯನ್ನು ದಾಟಿವೆ.

ಫ್ಲೋರೈಡ್ ಮಿತಿಯಲ್ಲಿದ್ದರೆ ಹಲ್ಲಿಗೆ ರಕ್ಷಣೆ, ಮೀರಿದರೆ ಹಾನಿ. ಅಮೆರಿಕದ ಕೊಲೊರಾಡೋ ಪ್ರಾಂತದಲ್ಲಿ ಜನರ ಹಲ್ಲುಗಳ ಮೇಲಿದ್ದ ಕಂದು ಕಲೆಗಳ ಕಾರಣವನ್ನು ಫ್ರೆಡರಿಕ್ ಮೆಕೇ ಎಂಬ ದಂತವೈದ್ಯರು 1901ರಿಂದ ಹುಡುಕುತ್ತ ಬಂದರು. ಆ ಹಲ್ಲುಗಳಲ್ಲಿ ಹುಳುಕು ಕಡಿಮೆಯೆಂಬುದೂ ಅವರ ಗಮನಕ್ಕೆ ಬಂದಿತ್ತು. ನೀರಿನ ಫ್ಲೋರೈಡೇ ಕಾರಣವೆಂದು 1931ರಲ್ಲಿ ತಿಳಿಯಿತು. ಭಾರತದಲ್ಲಿ ಈ ಕಾಯಿಲೆಯ ಮೊದಲ ವರದಿಗಳು 1937ರಲ್ಲಿ ನಮ್ಮ ನೆರೆಯ ಆಂಧ್ರದ ನೆಲ್ಲೂರು ಸೀಮೆಯಿಂದ ಬಂದವು.

ಸುಮಾರು ಎಂಟು ವರ್ಷದವರೆಗೆ, ಅಂದರೆ ಶಾಶ್ವತ ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುವಾಗ, ಇಂತಹ ನೀರನ್ನು ಕುಡಿದ ಮಕ್ಕಳ ಹಲ್ಲುಗಳಲ್ಲಿ ಬಿಳಿ ಗೆರೆಗಳು, ಹಳದಿ, ಕಂದು ಕಲೆಗಳು ಮೂಡುತ್ತವೆ. ಅದು ಕೊಳೆಯಲ್ಲ, ಉಜ್ಜಿದರೆ ಹೋಗುವುದಿಲ್ಲ. ಇದ್ದಿಲು, ಇಟ್ಟಿಗೆಪುಡಿಗಳಿಂದ ತಿಕ್ಕಿದರೆ ದಂತಕವಚವೇ ಸವೆದು ಹುಳುಕಿಗೆ ದಾರಿಯಾಗುತ್ತದೆ. ಕಲೆ ತೀವ್ರವಾಗಿ ಹಲ್ಲಿನ ಮೇಲೆ ಗುಳಿಗಳು ಬಿದ್ದಿದ್ದರೆ ಅಲ್ಲಿಯೂ ಹುಳುಕು ಹಿಡಿಯಬಹುದು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುತ್ತದೆಂದು ಅನೇಕ ತಾಯಂದಿರು ತಿಳಿದಿದ್ದಾರೆ. ಕುದಿಸಿದಾಗ ನೀರು ಆವಿಯಾಗಿ ಕಡಿಮೆಯಾಗುತ್ತದೆ, ಫ್ಲೋರೈಡ್ ಅಷ್ಟೇ ಉಳಿಯುತ್ತದೆ. ಮಳೆನೀರು ಅಥವಾ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನು ಕನಿಷ್ಠಪಕ್ಷ ಚಿಕ್ಕ ಮಕ್ಕಳಿಗೆ, ಕುಡಿಯಲಿಕ್ಕೂ ಅಡಿಗೆಗೂ ಬಳಸುವುದು ಸುರಕ್ಷಿತ.

ಇಲ್ಲಿ ಒಂದು ನೋವಿನ ಮಾತನ್ನು ಹೇಳಲೇಬೇಕು. ಓದುವಾಗ ದುಪಟ್ಟಾದ ಅಂಚನ್ನು ಬಾಯಿಗೆ ಅಡ್ಡ ಹಿಡಿಯುವ ಹೆಣ್ಣುಮಕ್ಕಳನ್ನು ನಾವು ತರಗತಿಯಲ್ಲಿ ಕಂಡಿದ್ದೇವೆ. ಹೆಣ್ಣು ನೋಡಲು ಬಂದವರು ಹಲ್ಲಿನ ಕಲೆಯನ್ನು ನೋಡಿ ‘ಹುಡುಗಿ ಹಲ್ಲುಜ್ಜುವುದಿಲ್ಲ’ ಎಂದು ಹೇಳಿ ಹೊರಟುಹೋದ ಮನೆಗಳೂ ಇವೆ. ಆ ಹುಡುಗಿ ದಿನಕ್ಕೆ ಐದು ಬಾರಿ ವುಝೂ ಮಾಡಿ ಬಾಯಿ ಮುಕ್ಕಳಿಸುವವಳು. ಅವಳ ಹಲ್ಲಿನಲ್ಲಿ ಕಾಣುವುದು ಊರಿನ ನೀರಿನ ಗುರುತು. ಅದಕ್ಕೆ ಅವಳನ್ನು ಹೊಣೆಮಾಡುವುದು ಅನ್ಯಾಯ. ಇಂತಹ ಕಲೆಗಳನ್ನು ಮರೆಮಾಡುವ ಅಥವಾ ತಗ್ಗಿಸುವ ಚಿಕಿತ್ಸೆಗಳೂ ದಂತವೈದ್ಯರಲ್ಲಿ ಇವೆ.

ತುಂಬಿಸಿದ ಹಲ್ಲು ಮತ್ತು ಗುಸ್ಲ್

ಈಗ ಆ ಅಜ್ಜಿಯ ಪ್ರಶ್ನೆಗೆ ಬರೋಣ. ಅದು ಅಜ್ಞಾನದ ಪ್ರಶ್ನೆಯಲ್ಲ. ಹನಫೀ ಮಝ್ಹಬ್‌ನಲ್ಲಿ ಗುಸ್ಲ್ ಮಾಡುವಾಗ ಬಾಯಿ ಮುಕ್ಕಳಿಸುವುದು ಫರ್ಝ್; ಬಾಯಿಯ ಒಳಭಾಗಕ್ಕೆ ನೀರು ತಲುಪಲೇಬೇಕು. ಶಾಫಿಈ ಮಝ್ಹಬ್‌ನಲ್ಲಿ ಅದು ಸುನ್ನತ್. ಆದುದರಿಂದ ಕರಾವಳಿಯ ಶಾಫಿಈ ಬಾಂಧವರಿಗೆ ಈ ಚಿಂತೆ ಅಷ್ಟಾಗಿ ಕಾಡುವುದಿಲ್ಲ. ನಮ್ಮ ಕಡೆ ಹೆಚ್ಚಿನವರು ಹನಫಿಗಳಾಗಿರುವುದರಿಂದ ಅಜ್ಜಿಯ ಆತಂಕಕ್ಕೆ ಆಧಾರವಿದೆ.

ಆದರೆ ಅದೇ ಫಿಕ್ಹ್ ಉತ್ತರವನ್ನೂ ಇಟ್ಟುಕೊಂಡಿದೆ. ಸುಲಭವಾಗಿ ತೆಗೆಯಬಹುದಾದದ್ದು ನೀರನ್ನು ತಡೆಯುತ್ತಿದ್ದರೆ ಅದನ್ನು ತೆಗೆಯಬೇಕು. ಹಾಕಿ ತೆಗೆಯುವ ಹಲ್ಲಿನ ಸೆಟ್ಟನ್ನು ಗುಸ್ಲ್‌ನ ವೇಳೆ ತೆಗೆದಿಡುವುದು ಈ ಕಾರಣಕ್ಕಾಗಿ. ತೊಂದರೆಯಾಗದೆ ತೆಗೆಯಲಾಗದಂತೆ ಸ್ಥಿರವಾಗಿ ಕೂತದ್ದು ದೇಹದ ಭಾಗದಂತೆಯೇ. ಅದರ ಮೇಲೆ ನೀರು ಹರಿದರೆ ಸಾಕು. ಧರ್ಮದಲ್ಲಿ ಇಕ್ಕಟ್ಟನ್ನು ಇಡಲಾಗಿಲ್ಲವೆಂಬ ಕುರ್‌ಆನಿನ ಆಶಯವೂ, ಗಾಯದ ಪಟ್ಟಿಯ ಮೇಲೆ ಮಸಹ್ ಮಾಡುವ ರಿಯಾಯಿತಿಯೂ, ಹಲ್ಲಿನ ತಂತಿಯ ಕುರಿತ ಇಮಾಮರುಗಳ ಮಾತೂ ಇದೇ ದಿಕ್ಕನ್ನು ತೋರಿಸುತ್ತವೆ. ನಮ್ಮ ಕಾಲದ ಹನಫೀ ಮುಫ್ತಿಗಳು ಸಾಮಾನ್ಯವಾಗಿ ಇದರಂತೆಯೇ ಫತ್ವಾ ನೀಡಿದ್ದಾರೆ: ಹಲ್ಲು ತುಂಬಿಸಿಕೊಂಡವರ ವುಝೂ, ಗುಸ್ಲ್, ನಮಾಝ್ ಎಲ್ಲವೂ ಸಿಂಧು. ಆಮೇಲೂ ಸಂಶಯವುಳಿದವರು ತಮ್ಮ ಮೊಹಲ್ಲಾದ ಇಮಾಮರನ್ನು ಕೇಳಲಿ. ಆದರೆ ಕೇಳದೆಯೇ ಸಂಶಯವನ್ನು ಮುಂದಿಟ್ಟುಕೊಂಡು ಹಲ್ಲನ್ನು ಕೊಳೆಯಲು ಬಿಡುವುದು ಬೇಡ. ರಮಝಾನಿನಲ್ಲಿ ನೀರು, ರಕ್ತ ಗಂಟಲಿಗಿಳಿಯುವ ಭಯವಿರುವುದರಿಂದ, ಅವಸರವಿಲ್ಲದ ಚಿಕಿತ್ಸೆಯನ್ನು ಇಫ್ತಾರಿನ ನಂತರಕ್ಕೋ ಈದ್ ಕಳೆದ ಮೇಲಕ್ಕೋ ಇಟ್ಟುಕೊಳ್ಳಬಹುದು.

ನಾವೂ ಈ ತಪ್ಪನ್ನು ಮಾಡಿದವರೇ. ಹದಿನಾರನೆಯ ವಯಸ್ಸಿನಲ್ಲಿ ಮದ್ರಸಾದ ವಸತಿಯಲ್ಲಿದ್ದಾಗ ಮೇಲ್ದವಡೆಯ ಹಲ್ಲು ನೋಯತೊಡಗಿತು. ತಿಂಗಳುಗಟ್ಟಲೆ ಲವಂಗವನ್ನು ಕಚ್ಚಿ ಕಾಲ ಕಳೆದೆವು, ಕೊನೆಗೆ ಕೀಳಿಸಿದೆವು. ಪಕ್ಕದ ಹಲ್ಲು ಖಾಲಿ ಜಾಗಕ್ಕೆ ವಾಲಿತು, ಎದುರಿನದು ಮೇಲೆದ್ದಿತು. ಇಂದಿಗೂ ‘ಝಾದ್’ ಹೇಳಿಕೊಡುವಾಗ ನಾಲಿಗೆಯ ಆ ಬದಿ ಆಸರೆ ಹುಡುಕುತ್ತದೆ; ನಾವು ಇನ್ನೊಂದು ಬದಿಯಿಂದ ಉಚ್ಚರಿಸಿ ತೋರಿಸುತ್ತೇವೆ.

ಆ ಹುಡುಗನ ತಂದೆಗೆ ನಾವು ಇಷ್ಟನ್ನೇ ಹೇಳಿದೆವು. ಕುಳಿ ಬಿದ್ದದ್ದು ಹಾಲುಹಲ್ಲಲ್ಲ. ಸುಮಾರು ಆರನೆಯ ವಯಸ್ಸಿನಲ್ಲಿ, ಯಾವ ಹಲ್ಲೂ ಬೀಳದೆ, ಹಾಲುಹಲ್ಲುಗಳ ಹಿಂದೆ ಸದ್ದಿಲ್ಲದೆ ಹುಟ್ಟುವ ಶಾಶ್ವತ ದವಡೆಹಲ್ಲು ಅದು. ಹುಟ್ಟುವಾಗ ಯಾರೂ ಗಮನಿಸುವುದಿಲ್ಲ, ಹಾಲುಹಲ್ಲೆಂದು ಭಾವಿಸಿ ಕೀಳಿಸುತ್ತಾರೆ. ಅದರ ಬದಲಿಗೆ ಇನ್ನೊಂದು ಎಂದೂ ಬರದು. ಹಾಲುಹಲ್ಲನ್ನೂ ಹಗುರವಾಗಿ ಕೀಳಿಸಬಾರದು. ಹಿಂದಿನ ಹಾಲುಹಲ್ಲುಗಳು ಹತ್ತು ಹನ್ನೆರಡು ವರ್ಷದವರೆಗೆ ಇದ್ದು ಮುಂದಿನ ಹಲ್ಲಿಗೆ ಜಾಗವನ್ನು ಕಾಯುತ್ತವೆ.

ಅವರು ಒಂದು ದಿನದ ಕೂಲಿಯನ್ನು ಬಿಟ್ಟು ಮಗನನ್ನು ಕರೆದುಕೊಂಡು ಹೋದರು. ಹುಳುಕು ತಿರುಳನ್ನು ಮುಟ್ಟಿತ್ತು. ಎರಡು ಮೂರು ಬಾರಿ ಹೋಗಬೇಕಾಯಿತು. ಹಲ್ಲು ಉಳಿಯಿತು. ಅಜ್ಜಿ ನಮ್ಮ ಬಳಿಗೆ ಬಂದು ಗುಸ್ಲ್‌ನ ಮಸ್ಅಲಾವನ್ನು ಎರಡು ಬಾರಿ ಕೇಳಿ ಖಚಿತಪಡಿಸಿಕೊಂಡರು, ಆಮೇಲೆ ತಮ್ಮದೇ ಒಂದು ಹಲ್ಲನ್ನು ತೋರಿಸಿ, “ಇದಕ್ಕೂ ಆಗುತ್ತಾ ಹಜ್ರತ್?” ಎಂದು ವಿಚಾರಿಸಿದರು.

ಓದುಗ ಬಾಂಧವರೇ, ಈ ವಾರ ಮನೆಯಲ್ಲಿ ಮಕ್ಕಳನ್ನು ಬೆಳಕಿಗೆ ಕೂರಿಸಿ ಅವರ ಬಾಯಿಯನ್ನು ಒಮ್ಮೆ ನೋಡಿ. ನೋವು ಬರುವವರೆಗೆ ಕಾಯಬೇಡಿ. ರಾತ್ರಿ ಮಲಗುವ ಮುನ್ನ ಬ್ರಶ್, ವುಝೂವಿಗೆ ಮಿಸ್ವಾಕ್. ಚಿಕ್ಕವರಿಗೆ ಪೇಸ್ಟು ಬಟಾಣಿ ಕಾಳಿಗಿಂತ ಹೆಚ್ಚು ಬೇಡ, ಉಗುಳುವುದನ್ನು ಕಲಿಸಿ. ನಮ್ಮ ದೇಹದ ಪ್ರತಿ ಅಂಗವೂ ಅಮಾನತ್ ಆಗಿದೆ; ಕುರ್‌ಆನ್ ಓದುವ ಬಾಯಿಯ ಹಲ್ಲುಗಳೂ ಅದರಲ್ಲಿ ಸೇರಿವೆ. ಆ ಅಮಾನತ್ತನ್ನು ಕಾಪಾಡುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.